ಹಗ್ಗ ಹಿಡಿಯುವವನು

ಸಿದ್ದನಿಗೆ ಅಪ್ಪನ ನೆನಪೆಂದರೆ ಹಸಿಸೊಪ್ಪಿನ ಹೊಗೆಯ ವಾಸನೆ. ಹೆಜ್ಜೇನು ಕೀಳಲು ಅಪ್ಪ ಅಮಾವಾಸ್ಯೆಯ ಕತ್ತಲಲ್ಲೇ ಮರ ಹತ್ತುತ್ತಿದ್ದ. ಬೆಳಿಗ್ಗೆ ಅವನ ಕಂಬಳಿಯಲ್ಲೆಲ್ಲ ಅದೇ ಹೊಗೆ. ಈಗ ಆ ಮರವನ್ನು ಸಿದ್ದನೇ ಹತ್ತಬೇಕು. ಅಮಾವಾಸ್ಯೆಗೆ ಇನ್ನು ಎರಡೇ ದಿನ.

ಬೇಸಗೆಯ ಜ್ವರ ಬಿಟ್ಟ ಮೇಲೆ ತಲೆ ತಿರುಗಿ ಎರಡು ಸಲ ಬಿದ್ದಿದ್ದ. ಅದಕ್ಕೇ ಹೆಂಡತಿ ಚೆನ್ನಿಯ ಅಣ್ಣನಾದ ಸಣ್ಣ ಅವನನ್ನು ಅಂತರಸಂತೆಯ ಶಾಲೆಯ ಜಗಲಿಗೆ ಎಳೆದು ತಂದ. ಮೈಸೂರಿನಿಂದ ಕಿವಿಯ ಡಾಕ್ಟರಮ್ಮ ಬಂದಿದ್ದರು. ಮರ ಹತ್ತುವವನ ಹಗ್ಗ ಹಿಡಿಯುವುದು ಹೆಂಡತಿಯ ಅಣ್ಣನೇ; ತಂಗಿಯ ಬಾಳು ನೆನೆದು ಅವನು ಕೈ ಸಡಿಲಿಸುವುದಿಲ್ಲವೆಂದು ಕಾಡಂಚಿನ ಅವರ ಹಾಡಿಯ ಜನರ ನಂಬಿಕೆ.

ಡಾಕ್ಟರಮ್ಮ ಅವನನ್ನು ಬೆಂಚಿನ ಮೇಲೆ ಮಲಗಿಸಿ ಬಲಗಿವಿಗೆ ತಣ್ಣೀರು ಬಿಟ್ಟರು. ಸೂರು ಗಿರ್ರನೆ ತಿರುಗಿತು. ಸಿದ್ದ ಬೆಂಚನ್ನು ಅವುಚಿಕೊಂಡ. ನರ್ಸ್ ಸುಂದ್ರಮ್ಮ ತನ್ನ ಸೆರಗಿನಿಂದಲೇ ಅವನ ಕುತ್ತಿಗೆ ಒರೆಸಿದಳು. ಸ್ವಲ್ಪ ಹೊತ್ತು ಬಿಟ್ಟು ಎಡಗಿವಿಗೂ ಅದೇ ನೀರು. ಏನೂ ತಿರುಗಲಿಲ್ಲ.

“ಎಡದ್ದು ಗಟ್ಟಿ ಕಣವ್ವ, ಅಲ್ಲಾಡ್ನೇ ಇಲ್ಲ!” ಸಿದ್ದ ಹಿಗ್ಗಿದ.

“ಈ ನೀರಿಗೆ ತಲೆ ತಿರುಗಿದ್ರೇನೇ ಒಳ್ಳೇದಪ್ಪ,” ಎಂದರು ಡಾಕ್ಟರಮ್ಮ. “ ಮೈಯನ್ನ ನೆಟ್ಟಗೆ ನಿಲ್ಲಿಸೋ ಶಕ್ತಿ ಎಡಗಿವಿಯಲ್ಲಿ ಹೋಗಿದೆ.”

“ನಾ ನೆಟ್ಟಗೇ ನಡೀತೀನಿ, ನೋಡ್ಕಳಿ.”

“ಹಾಗಾದ್ರೆ ಕಣ್ಣು ಮುಚ್ಚಿ, ನಿಂತಲ್ಲೇ ಐವತ್ತು ಹೆಜ್ಜೆ ಹಾಕು.”

“ಮದ್ವೇಲಿ ಕುಣ್ದಂಗೆ ಕುಣಿ ಕಣ್ಲಾ,” ಸಣ್ಣ ಕಿಚಾಯಿಸಿದ. ಸಿದ್ದ ಇಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ಸಣ್ಣನ ನಗು ನಿಂತಿತು. ಸುಂದ್ರಮ್ಮ ಎರಡೂ ಕೈ ಚಾಚಿ, ಮುಟ್ಟದೆ, ಸಿದ್ದನ ಸುತ್ತಲೇ ಹೆಜ್ಜೆ ಹಾಕುತ್ತಿದ್ದಳು.

ಸಿದ್ದ ಕಣ್ಣು ಬಿಟ್ಟ. ಎದುರಿಗಿದ್ದ ಡಾಕ್ಟರಮ್ಮ ಇರಲಿಲ್ಲ. ಎಡಗಡೆಯ ಗೋಡೆ ಮುಖಕ್ಕೆ ಎದುರಾಗಿತ್ತು.

“ಯಾರ್ಲಾ ನನ್ನ ತಿರುಗ್ಸಿದ್ದು?”

“ಯಾರೂ ಮುಟ್ನಿಲ್ಲ,” ಸಣ್ಣನ ದನಿ ಇಳಿದಿತ್ತು.

“ಕತ್ತಲೆಯೂ ಕಣ್ಣು ಮುಚ್ಚಿದ ಹಾಗೇ,” ಡಾಕ್ಟರಮ್ಮ ಮೆಲ್ಲಗೆ ಹೇಳಿದರು. “ಮರದ ಮೇಲೆ ವಾಲಿದ್ರೂ ನಿನಗೆ ತಿಳಿಯಲ್ಲ.”

ಇಬ್ಬರೂ ಮನೆಯ ದಾರಿ ಹಿಡಿದರು. ಹಾಡಿ ಹತ್ತಿರವಾದಾಗ ಸಿದ್ದ, “ಅಮಾಸೆಗೆ ಹಗ್ಗ ತತ್ತೀಯಲ್ಲ ಭಾವ?” ಎಂದ. ಸಣ್ಣ ಬಿರಬಿರನೆ ಮುಂದೆ ನಡೆದ.

ಅಮಾವಾಸ್ಯೆಯ ಸಂಜೆ ಸಿದ್ದ ಮರದ ಬುಡದಲ್ಲಿ ಸೊಪ್ಪು ಒಟ್ಟಿಕೊಂಡು ಕಾದ. ತಲೆಯ ಮೇಲೆ ಜೇನುಹುಟ್ಟುಗಳು ಕಪ್ಪಗೆ ಮೊರೆಯುತ್ತಿದ್ದವು. ಯಾರೂ ಇಲ್ಲದ್ದು ನೋಡಿ ಎದ್ದು, ಕಣ್ಣು ಮುಚ್ಚಿ, ನಿಂತಲ್ಲೇ ಹೆಜ್ಜೆ ಹಾಕಿದ. ಒಂದಿಷ್ಟೂ ಅಲುಗಿಲ್ಲವೆಂದೇ ಅನ್ನಿಸಿತು. ಕಣ್ಣು ಬಿಟ್ಟರೆ ಎದುರಿಗೆ ಮರವೇ ಇಲ್ಲ. ಅದು ಬಲಗಡೆ ನಿಂತಿತ್ತು.

ತರಗೆಲೆ ಸದ್ದಾಯಿತು. ಸಣ್ಣ ಬಂದ. ಹೆಗಲ ಮೇಲೆ ಹಗ್ಗವಿರಲಿಲ್ಲ. ಪಕ್ಕದಲ್ಲಿ ಕುಳಿತು, ಮುತ್ತುಗದ ಎಲೆಯಲ್ಲಿ ಸುತ್ತಿದ ಬಿಸಿಮುದ್ದೆಯನ್ನು ಸಿದ್ದನ ಕೈಗಿಟ್ಟ.