ಹಿಮ್ಮೇಳದವನ ಹೆಸರು

ಹಾಡುಗಾರ ತೆಯೊ ಸಿಂತ್ರೋನನ ಹೊಸ ಆಲ್ಬಮ್ಮಿನಲ್ಲಿ ನಾಯಿಯ ಹೆಸರೂ ಇತ್ತು. ನಾಲ್ಕನೆಯ ಹಾಡಿನಲ್ಲಿ, ಟ್ರಾಂಬೋನಿನವರು ಉಸಿರು ಎಳೆದುಕೊಳ್ಳುವ ಸಂದಿಯಲ್ಲಿ, ತೆಯೊ "ಕೇಳ್ತಾ ಇದ್ಯೇನೋ, ಕನೇಲೊ!" ಎಂದು ಕೂಗಿದ್ದ. ಕನೇಲೊ ಪೊನ್ಸೆ ಊರಿನಲ್ಲಿ ಅವನ ಮನೆಯ ಮುಂದೆ ಬಿದ್ದುಕೊಂಡಿರುವ ಮುದಿ ನಾಯಿ. ಅದಕ್ಕೆ ಕಿವಿ ಕೇಳಿಸುವುದಿಲ್ಲ.

ಹಾಡಿನ ನಡುವೆ ಬೇಕಾದವರ ಹೆಸರು ಕೂಗುವುದು ಸಾಲ್ಸಾ ಎಂಬ ಕುಣಿತದ ಸಂಗೀತದವರ ಹಳೆಯ ಪದ್ಧತಿ. ಪಿಯಾನೊದವನು ಚೆನ್ನಾಗಿ ನುಡಿಸಿದರೆ ಅವನ ಹೆಸರು, ತೀರಿಹೋದ ಗೆಳೆಯನ ಹೆಸರು, ಕಟ್ಟುಹಲ್ಲು ಮಾಡಿಕೊಟ್ಟ ಡಾಕ್ಟರ್ ಕಾರಾಬಾಯೊನ ಹೆಸರು, ಪಂಕ್ಚರ್ ಅಂಗಡಿಯ ಚೆಗಿಯ ಹೆಸರು. ಹೀಗೆ ಒಮ್ಮೆ ಹಾಡಿನೊಳಗೆ ಸೇರಿಕೊಂಡವನು ಊರಲ್ಲಿ ಸ್ವಲ್ಪ ಎದೆ ಸೆಟೆಸಿಕೊಂಡೇ ಓಡಾಡುತ್ತಾನೆ. ಚೆಗಿಯಂತೂ ಅಂಗಡಿಯಲ್ಲಿ ತನ್ನ ಹೆಸರಿರುವ ಹಾಡು ಬಿಟ್ಟು ಬೇರೇನೂ ಹಾಕುವುದಿಲ್ಲ. ಗಿರಾಕಿಗಳು ಟಯರ್ ಬೇರೆಡೆ ತೋರಿಸತೊಡಗಿದ್ದಾರೆ.

ಮೊನ್ಸೊ ಪಾಬೋನನ ಹೆಸರು ಮಾತ್ರ ಯಾವ ಹಾಡಿನಲ್ಲೂ ಇಲ್ಲ. ಮೂವತ್ತು ವರ್ಷಗಳಿಂದ ಅವನು ತೆಯೊನ ಹಿಮ್ಮೇಳ. ತೆಯೊ ನಿಂತ ನಿಲುವಿನಲ್ಲೇ ಸಾಲು ಕಟ್ಟಿ ಹಾಡುತ್ತಾನೆ, ಮೊನ್ಸೊ ಹಿಂದಿನಿಂದ ಪ್ರತಿ ಸಲವೂ ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತಾನೆ. ಈ ಆಲ್ಬಮ್ಮಿನ ಮುಖ್ಯ ಹಾಡಿನಲ್ಲಿ ಅವನ ಪಾಲಿಗೆ ಬಂದ ಸಾಲು, "ಇಲ್ಲೇ ಇದ್ದೀನಿ, ಎಲ್ಲೂ ಹೋಗಿಲ್ಲ". ಕವರಿನ ಹಿಂದೆ ಅವನ ಹೆಸರು ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿದೆ ನಿಜ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೊನ್ಸೊನ ಹೆಂಡತಿ ಒಬ್ದುಲಿಯಾ ಅಂತೂ ಹಿಡಿಯುವವಳೇ ಅಲ್ಲ.

"ನಾಯಿ ಹೆಸರು ಬಂತು," ಎಂದಳು ಅವಳು, ಅವರೆ ಬೇಯಿಸುತ್ತಾ. "ಮುಂದಿನ ಸಲ ಬೆಕ್ಕು. ಆಮೇಲೆ ಕೋಳಿಗಳು. ನಿಮ್ಮ ಸರದಿ ಬರೋ ಹೊತ್ತಿಗೆ ಹಾಡೇ ಮುಗಿದಿರತ್ತೆ."

"ಅವನು ಬೇಕಂತ ಬಿಟ್ಟಿಲ್ಲ ಕಣೆ."

"ಬೇಕಂತ ಬಿಟ್ಟಿದ್ರೆ ಜಗಳ ಆಡಬಹುದಿತ್ತು. ನೆನಪೇ ಆಗ್ಲಿಲ್ಲ ಅಂದ್ರೆ ಏನು ಮಾಡ್ತೀರಿ?"

ಮೊನ್ಸೊ ಅವರೆಯ ಪಾತ್ರೆಗೆ ಮುಚ್ಚಳ ಮುಚ್ಚಿದ. ಈ ಸಂಕಟ ಅವನಿಗೂ ಇತ್ತು. ಅವನಿಗೆ ದುಡ್ಡೂ ಬೇಕಿರಲಿಲ್ಲ, ಫೋಟೋನೂ ಬೇಕಿರಲಿಲ್ಲ. ತೆಯೊನ ಬಾಯಿಂದ, ಜನ ಕೇಳುವ ಹಾಗೆ, ಒಂದು ಸಲ "ಮೊನ್ಸೊ ಪಾಬೋನ್!" ಎಂದು ಬಂದಿದ್ದರೆ ಸಾಕಿತ್ತು.

ಅಷ್ಟರಲ್ಲಿ ಆಲ್ಬಮ್ಮು 'ಬಂಗಾರದ ಬುರುಡೆ' ಪ್ರಶಸ್ತಿಯ ಸಾಲ್ಸಾ ವಿಭಾಗದ ಕೊನೆಯ ಸುತ್ತಿಗೆ ಆಯ್ಕೆಯಾಯಿತು. ಸೋರೆ ಬುರುಡೆಗೆ ಗೀರು ಹಾಕಿ, ಕಡ್ಡಿಯಿಂದ ಉಜ್ಜಿ ನುಡಿಸುವ ವಾದ್ಯದ ಆಕಾರದ ಪ್ರಶಸ್ತಿ ಅದು. ಸುದ್ದಿ ಬಂದ ದಿನ ಮೊನ್ಸೊ ಸಂಕೋಚ ಬಿಟ್ಟು ಕೇಳಿಯೇಬಿಟ್ಟ. ಅವನ ಮಗಳ ಧರ್ಮತಂದೆ ತೆಯೊ, ಆದ್ದರಿಂದ ಇಬ್ಬರೂ ಒಬ್ಬರಿಗೊಬ್ಬರು 'ಕೊಂಪಾಯ್'.

"ಕೊಂಪಾಯ್, ಗೆದ್ರೆ ವೇದಿಕೆ ಮೇಲೆ ನನ್ನ ಹೆಸರು ಹೇಳ್ತೀಯಾ?"

ತೆಯೊಗೆ ಆಶ್ಚರ್ಯವಾಯಿತು. "ಇದೇನು ಕೇಳೋ ಮಾತೇನೋ? ಮೊದಲನೇ ಹೆಸರೇ ನಿಂದು!"

ಸಮಾರಂಭ ದ್ವೀಪದ ರಾಜಧಾನಿ ಸಾನ್ ಹ್ವಾನಿನಲ್ಲಿ. ಟೀವಿಯವರು ಬರುವುದು ಸಂಜೆಗೆ. ಸಾಲ್ಸಾ, ಮಕ್ಕಳ ಹಾಡು, ಕವರಿನ ವಿನ್ಯಾಸ ಮುಂತಾದವನ್ನು ಅದಕ್ಕೆ ಮುಂಚೆ, ಮಧ್ಯಾಹ್ನ ಊಟದ ಹೊತ್ತಿಗೇ ಮುಗಿಸಿಬಿಡುತ್ತಾರೆ. ಇಡೀ ದ್ವೀಪವನ್ನು ಕುಣಿಸಿದ ಸಂಗೀತಕ್ಕೆ ಅರ್ಧ ಖಾಲಿ ಸಭಾಂಗಣ, ಅದರಲ್ಲೂ ಕೆಲವರು ಟೈ ಕಟ್ಟಿಕೊಳ್ಳುತ್ತಾ ಕೂತಿದ್ದರು. ನನ್ನನ್ನು ಕೇಳಿದರೆ ನಾಚಿಕೆಗೇಡು, ಆದರೆ ನನ್ನನ್ನು ಯಾರೂ ಕೇಳಿಲ್ಲ.

ತೆಯೊ ಗೆದ್ದ. ಮೊನ್ಸೊನನ್ನೂ ಕೈಹಿಡಿದು ವೇದಿಕೆಗೆ ಎಳೆದುಕೊಂಡು ಹೋದ. ಮೊನ್ಸೊ ಅಭ್ಯಾಸದಂತೆ ಅವನ ಎಡಭುಜದ ಹಿಂದೆ ನಿಂತ. ಮಾತಿಗೆ ಕೊಟ್ಟಿದ್ದ ಸಮಯ ಸೀನು ಬಂದರೆ ಮುಗಿದುಹೋಗುವಷ್ಟು. ಮೀರಿದರೆ ವಾದ್ಯದವರು ಶುರುಮಾಡಿ ಕೆಳಗೆ ಕಳಿಸುವುದು ಎಂದು ಏರ್ಪಾಡಾಗಿತ್ತು.

"ದೇವರಿಗೆ," ಎಂದು ತೆಯೊ ಆರಂಭಿಸಿದ. ಮೊನ್ಸೊ ಅದಕ್ಕೆ ತಕರಾರು ಮಾಡಲಿಲ್ಲ. "ನನ್ನ ತಾಯಿಗೆ." ಅದೂ ಸರಿಯೇ. "ಈ ನಗು ಕೊಟ್ಟ ಡಾಕ್ಟರ್ ಕಾರಾಬಾಯೊಗೆ!" ಎಂದು ತೆಯೊ ಹಲ್ಲು ಕಿರಿದು ತೋರಿಸಿದ. ಮೊನ್ಸೊ ಕೋಟಿನ ಗುಂಡಿ ಸರಿಮಾಡಿಕೊಂಡ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಂಗಸು ಕೆಂಪು ರಟ್ಟು ಎತ್ತಿದಳು, ವಾದ್ಯದವರು ಶುರುಮಾಡಿದರು.

ತಪ್ಪಾಗಿದ್ದು ಅಲ್ಲೇ. ಗೆದ್ದವರ ಹಾಡನ್ನೇ ನುಡಿಸಿ ಅವರನ್ನು ಇಳಿಸುವುದು ಮರ್ಯಾದೆ ಎಂದು ಯಾರೋ ತೀರ್ಮಾನಿಸಿದ್ದರು. ಸಾಲ್ಸಾ ಹಾಡುಗಾರನ ಹಿಂದೆ ಅವನದೇ ಹಾಡಿನ ಕೊನೆಯ ಭಾಗ ನುಡಿಸಿದರೆ ಅವನು ಇಳಿಯುತ್ತಾನೆಯೇ? ತೆಯೊ ಮೈಕನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು, ನಿಂತಲ್ಲೇ ಒಂದು ಸಾಲು ಕಟ್ಟಿ ಹಾಡಿದ. ಮೊನ್ಸೊ ಯೋಚಿಸದೆ, "ಇಲ್ಲೇ ಇದ್ದೀನಿ, ಎಲ್ಲೂ ಹೋಗಿಲ್ಲ" ಎಂದ. ವಾದ್ಯದವರೂ ಅದೇ ನೆಲದವರು, ಹಾಡುಗಾರ ಸನ್ನೆ ಮಾಡದೆ ನಿಲ್ಲಿಸುವ ಜಾತಿಯವರಲ್ಲ. ಕೆಂಪು ರಟ್ಟಿನವಳು ಅವರಿಗೂ ರಟ್ಟು ತೋರಿಸಿದಳು. ಅವರು ತಲೆಯಾಡಿಸಿ ಇನ್ನೂ ಜೋರಾಗಿ ನುಡಿಸಿದರು.

ತೆಯೊ ಚೆಗಿಯನ್ನು ಕರೆದ, ಊರಿನ ಕಟುಕನನ್ನು ಕರೆದ, ಸೋದರತ್ತೆಯನ್ನು ಕರೆದ. ಪ್ರತಿ ಹೆಸರಿಗೂ ಮೊನ್ಸೊ ತಾನು ಇಲ್ಲೇ ಇರುವುದಾಗಿ ತಿಳಿಸಿದ. ಆಗ ತೆಯೊ ಬಾಯಿ ದೊಡ್ಡದಾಗಿ ತೆರೆದು ಒಂದು ಎತ್ತರದ ಸ್ವರಕ್ಕೆ ಹೋದ, ಡಾಕ್ಟರ್ ಕಾರಾಬಾಯೊನ ಹಲ್ಲುಸೆಟ್ಟು ಮಾತ್ರ ಬರಲೊಪ್ಪದೆ ಕಳಚಿ ಹಿಂದೆ ಉಳಿಯಿತು. ತೆಯೊ ಬಾಯಿಗೆ ಕೈ ಅಡ್ಡ ಹಿಡಿದು ಮೈಕನ್ನು ಮೊನ್ಸೊನ ಎದೆಗೆ ಒತ್ತಿದ.

ಮೊನ್ಸೊ ಹುಟ್ಟಿದಾಗಿನಿಂದ ಮುಂದೆ ನಿಂತು ಹಾಡಿದವನಲ್ಲ. ಆದರೆ ತಾಳ ಕಾಯುತ್ತಿತ್ತು. "ಒಬ್ದುಲಿಯಾ, ಒಲೆ ಆರಿಸು, ನಾನು ಹಾಡ್ತಾ ಇದ್ದೀನಿ!" ಎಂದ. ಹಿಂದಿನಿಂದ, ಬಾಯಿಗೆ ಹಿಡಿದ ಕೈಯಡಿಯಲ್ಲೇ ತೆಯೊನ ಉತ್ತರ ಬಂತು, "ಇಲ್ಲೇ ಇದ್ದೀನಿ, ಎಲ್ಲೂ ಹೋಗಿಲ್ಲ." ಮೊನ್ಸೊಗೆ ಮೈಮೇಲೆ ಬಂದ ಹಾಗಾಯಿತು. ಮಗಳನ್ನು ಕರೆದ, ಅಳಿಯನನ್ನು ಕರೆದ, ಕಿವುಡು ಕನೇಲೊನನ್ನು ಕರೆದ, ಕೆಂಪು ರಟ್ಟಿನವಳನ್ನು ಹೆಸರು ಕೇಳಿ ಕರೆದ. ಅವಳ ಹೆಸರು ಇದೆಲಿಸಾ. ಅವಳು ರಟ್ಟು ಬೀಸಿ ಕುಣಿದಳು. ಟೈ ಕಟ್ಟುತ್ತಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಕಾರು ಓಡಿಸಿದ್ದು ಮೊನ್ಸೊ. ತೆಯೊ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ. ಹಲ್ಲು ಮತ್ತೆ ಜಾಗಕ್ಕೆ ಬಂದಿತ್ತು. ಬೆಟ್ಟ ಹತ್ತುವಾಗ ಬಾಯಿಬಿಟ್ಟ.

"ನಾಯಿ ಹೆಸರು ಹೇಳ್ದೆ."

"ಹೂಂ."

"ರಟ್ಟಿನವಳ ಹೆಸರು, ಕೇಳಿ ತಿಳ್ಕೊಂಡು ಹೇಳ್ದೆ. ನಂದು?"

ಮೊನ್ಸೊಗೆ ಕಾರು ಪಕ್ಕಕ್ಕೆ ನಿಲ್ಲಿಸುವಂತಾಯಿತು. ಅವನು ಬೇಕೆಂದು ಬಿಟ್ಟಿರಲಿಲ್ಲ. ನೆನಪೇ ಆಗಿರಲಿಲ್ಲ. ಕಿವಿಯ ಹತ್ತಿರವೇ ಉತ್ತರ ಕೊಡುತ್ತಿದ್ದವನನ್ನು ಕರೆಯಬೇಕೆಂದು ಯಾರಿಗೆ ಹೊಳೆಯುತ್ತದೆ? ಇಷ್ಟು ವರ್ಷ ನುಂಗಿಕೊಂಡ ಸಂಕಟ ಪೂರ್ತಿ ಹೋಗಲಿಲ್ಲ, ಆದರೆ ಅದನ್ನು ತೆಯೊನ ಮೇಲೆ ಹೊರಿಸಲು ದಾರಿಯೇ ಇಲ್ಲದಂತಾಯಿತು.

"ನೀನು ಹಿಂದೇನೇ ಇದ್ಯಲ್ಲೋ, ಕೊಂಪಾಯ್," ಎಂದ.

ತೆಯೊ ಬುರುಡೆಯ ಗೀರುಗಳನ್ನು ಉಗುರಿನಿಂದ ಕೆರೆದ. "ಹಸಿವಾಗ್ತಿದೆ," ಎಂದ.

ಕಾಯೆಯ್ ಊರಿನ ಹತ್ತಿರ ಸುಟ್ಟ ಹಂದಿಮಾಂಸದ ಅಂಗಡಿಯಲ್ಲಿ ನಿಲ್ಲಿಸಿದರು. ಭಾನುವಾರ, ಜನವೋ ಜನ. ತಿಂದು ಮುಗಿಸಿ ಮೊನ್ಸೊ ಕೈ ತೊಳೆಯಲು ಅಂಗಡಿಯ ಹಿಂದಕ್ಕೆ ಹೋದ. ತೆಯೊ ಕಾರಿನ ಹತ್ತಿರ ಹೋಗಿ ನೋಡಿದರೆ ಬಾಗಿಲಿಗೆ ಬೀಗ, ಕೀಲಿ ಮೊನ್ಸೊನ ಜೇಬಿನಲ್ಲಿ. ಬಿಸಿಲಿನಲ್ಲಿ ಬುರುಡೆ ಹಿಡಿದು ಅತ್ತಿತ್ತ ನೋಡಿದ. ಎಡಭುಜದ ಹಿಂದೆ ಯಾರೂ ಇರಲಿಲ್ಲ.

"ಮೊನ್ಸೊ!" ಎಂದು ಕೂಗಿದ. ಇಡೀ ದ್ವೀಪಕ್ಕೆ ಗೊತ್ತಿರುವ ಕಂಠ ಅದು. ಊಟದ ಮೇಜುಗಳಲ್ಲಿ ಕೂತವರೆಲ್ಲ ತಲೆಯೆತ್ತಿದರು. "ಮೊನ್ಸೊ ಪಾಬೋನ್!"

ಗೋಡೆಯ ಆಚೆ ಮೊನ್ಸೊ ನಲ್ಲಿ ನಿಲ್ಲಿಸಿದ. ಓಗೊಡಬಹುದಿತ್ತು, ಓಗೊಡಲಿಲ್ಲ. ಒದ್ದೆ ಕೈಗಳನ್ನು ಕೋಟಿಗೆ ಒರೆಸಿಕೊಂಡು, ಇನ್ನೊಂದು ಸಲ ಕರೆಯಲಿ ಎಂದು ಅಲ್ಲೇ ನಿಂತ.