ಹಾಸಿಗೆ ಅಂಗಡಿಗೆ ಬಂದ ಪದ

ಆ ಪದವನ್ನು ನಮ್ಮ ಮನೆಗೆ ತಂದವಳು ನನ್ನ ಮೊಮ್ಮಗಳು. ಕೂದಲು ಕತ್ತರಿಸುವ ಪಾರ್ಲರಿನಲ್ಲಿ ಕೆಲಸ, ಕತ್ತರಿಗಿಂತ ಬಾಯಿ ಚುರುಕು. ರಜೆಯ ದಿನ ಎಲ್ಲರೂ ನನ್ನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ತಟ್ಟೆಯಿಂದ ತಲೆ ಎತ್ತದೆ ಅಂದುಬಿಟ್ಟಳು:

"ದೊಡ್ಡಜ್ಜಿ, ನಮ್ಮ ಪಾರ್ಲರಲ್ಲಿ ಎಲ್ಲರಿಗೂ ನನ್ನ ಮೇಲೆ ಹೊಟ್ಟೆಕಿಚ್ಚು. ನಮ್ಮ ಮನೇಲಿ ಇಬ್ಬರು ಲೆಸ್ಬಿಯನ್ ಅಜ್ಜಿಯರಿದ್ದಾರೆ, ಇನ್ನೂ ಒಬ್ಬರ ತಟ್ಟೆಯಿಂದ ಒಬ್ಬರು ಕದ್ದು ತಿಂತಾರೆ ಅಂತ ಹೇಳಿದೆ."

ದೊಡ್ಡಜ್ಜಿ ಅಂದರೆ ನನ್ನ ಅಕ್ಕ. ಇನ್ನೊಬ್ಬಳನ್ನು ನಾವು ಕರೆಯುವುದು ಹತ್ತಿ ಅಂತ. ನಮ್ಮ ಎದುರುಸಾಲಿನಲ್ಲೇ ಅವರಿಬ್ಬರ ಹಾಸಿಗೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಹತ್ತಿ ಹಿಂಜುವ ಯಂತ್ರದ ಮುಂದೆ ನಿಂತು ನಿಂತು ಹರೆಯದಲ್ಲೇ ಅವಳ ತಲೆ ಬೆಳ್ಳಗೆ ಕಾಣುತ್ತಿತ್ತು, ಅದಕ್ಕೇ ಆ ಅಡ್ಡಹೆಸರು. ಆಗ ಕೊಡವಿದರೆ ಕಪ್ಪು ಕೂದಲು ಹೊರಬರುತ್ತಿತ್ತು. ಈಗ ಕೊಡವಿದರೂ ಬಿಳಿಯೇ. ಅವರು ಒಟ್ಟಿಗೆ ಇರತೊಡಗಿದಾಗ ನನಗಿನ್ನೂ ಮಕ್ಕಳಾಗಿರಲಿಲ್ಲ. ನಾವು ಏನೂ ಕೇಳಲಿಲ್ಲ, ಅವರು ಏನೂ ಹೇಳಲಿಲ್ಲ. ಅಂಗಡಿಯಲ್ಲಿ ಮೊಟ್ಟಮೊದಲು ಹೊಲಿದ ಜೋಡಿ ಹಾಸಿಗೆಯನ್ನು ಮಾರದೆ ಮಹಡಿಗೆ ಹೊತ್ತುಕೊಂಡು ಹೋದರು. ತಿಳಿಯುವವರಿಗೆ ಅಷ್ಟು ಸಾಕಾಗಿತ್ತು.

"ಅಂದರೆ ಏನೇ ಅದು?" ಅಂದಳು ಹತ್ತಿ.

"ಹೆಂಗಸಿನ ಮೇಲೇ ಮನಸ್ಸಾಗೋ ಹೆಂಗಸು, ಹತ್ತಿ ಅಜ್ಜಿ. ಅಷ್ಟೇ."

ಹತ್ತಿ ಚಮಚ ಕೆಳಗಿಟ್ಟಳು. "ಇದಕ್ಕೊಂದು ಹೆಸರು ಬೇರೆ ಇದೆಯಾ! ಹೆಸರಿಡೋಷ್ಟು ಜನ ಇದ್ದಾರೆ ಅಂತಾಯ್ತಲ್ಲ!"

"ಹೆಸರಿಡೋದು ಕಾಯಿಲೆಗೆ," ಅಂದಳು ಅಕ್ಕ. "ಸುಮ್ಮನೆ ಉಣ್ಣು."

ಮರುದಿನ ಹತ್ತಿ ನನ್ನ ಬಳಿ ಬಂದಳು. ಮಕ್ಕಳ ಮದುವೆಯಾದ ಮೇಲೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಹಾಗಾಗಿ ಮನೆಯವರ ಪಾಲಿಗೆ ಪಂಡಿತೆ. ನನ್ನ ಹಳೆಯ ಪದಕೋಶದಲ್ಲಿ ಆ ಪದ ಇರಲಿಲ್ಲ. ಪತ್ರಿಕೆಯವರು ಸಲಿಂಗಿ ಅಂತ ಬರೆಯುತ್ತಾರೆ ಅಂದೆ. "ಅದು ಬೇಡಮ್ಮ, ಕೇಳಿದರೆ ಪೊಲೀಸರು ಬಾಗಿಲು ತಟ್ಟಿದ ಹಾಗಿದೆ," ಅಂದಳು. ಮೊಮ್ಮಗಳನ್ನು ಕೇಳಿದೆವು. ಅದು ದೂರದ ಸಮುದ್ರದಲ್ಲಿರುವ ಒಂದು ದ್ವೀಪದ ಹೆಸರಿನಿಂದ ಬಂದದ್ದಂತೆ. ಬಹಳ ಹಿಂದೆ ಅಲ್ಲಿ ಒಬ್ಬಳು ಹೆಂಗಸರ ಮೇಲಿನ ಪ್ರೀತಿಯನ್ನೇ ಹಾಡಾಗಿ ಕಟ್ಟಿದ್ದಳಂತೆ. ಕೆಲವರು ಅದನ್ನು ಬೈಗುಳದ ಹಾಗೆ ಎಸೆಯುತ್ತಾರೆ, ಕೆಲವರು ಹೆಮ್ಮೆಯಿಂದ ಎದೆಯ ಮೇಲೆ ಬರೆದುಕೊಳ್ಳುತ್ತಾರೆ ಎಂದಳು.

"ನಮಗೂ ಒಂದು ಊರು ಸಿಕ್ಕಿತು ಬಿಡು," ಅಂದಳು ಹತ್ತಿ.

ಪದದ ಅರ್ಥ ತಿಳಿದರೆ ಸಾಲದು, ವಾಕ್ಯದಲ್ಲಿ ಬಳಸಿದರೆ ಮಾತ್ರ ನಿಮ್ಮದಾಗುತ್ತದೆ ಎಂದು ನಮ್ಮ ಟೀಚರಮ್ಮ ಹೇಳುತ್ತಿದ್ದರು. ಅದನ್ನು ಹತ್ತಿಗೆ ಹೇಳಬಾರದಿತ್ತೇನೋ. "ಲೆಸ್ಬಿಯನ್ ಕೈಗೆ ಆ ಉಪ್ಪಿನ ಡಬ್ಬ ಕೊಡು." "ಲೆಸ್ಬಿಯನ್‌ಗೆ ಸೊಂಟನೋವು, ಇವತ್ತು ಮೆಟ್ಟಿಲು ಗುಡಿಸೋದು ನಿನ್ನ ಪಾಳಿ." ಅಕ್ಕ ಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಕಿಟಕಿ ಮುಚ್ಚತೊಡಗಿದಳು.

ಹೀಗಿರುವಾಗ ಒಬ್ಬ ಹೆಂಗಸು ಮಗಳ ಮದುವೆಗೆ ಹಾಸಿಗೆ ಹೊಲಿಸಲು ಬಂದಳು. ನಾನೂ ಅಂಗಡಿಯಲ್ಲೇ ಕೂತು ದಿಂಬಿನ ದಾರ ಕತ್ತರಿಸುತ್ತಿದ್ದೆ. ಬಟ್ಟೆ ಆರಿಸಿದ ಮೇಲೆ ಆಕೆ ಅಕ್ಕನನ್ನೂ ಹತ್ತಿಯನ್ನೂ ನೋಡಿ ಸುಮ್ಮನೆ ಕೇಳಿದಳು: "ನೀವಿಬ್ಬರೂ ಅಕ್ಕತಂಗಿಯರಾ?"

ಯಾರು ಏನು ಕೇಳಿದರೂ ಹೂಂ ಅನ್ನುವುದು ಅಕ್ಕನ ಪದ್ಧತಿ. ಅಕ್ಕತಂಗಿಯರಾ? ಹೂಂ. ಅತ್ತಿಗೆ ನಾದಿನಿಯಾ? ಹೂಂ. ಹೀಗೆ ಹತ್ತಿ ನಮ್ಮ ಬಂಧುಬಳಗದ ಎಲ್ಲ ಪದವಿಗಳನ್ನೂ ಅಲಂಕರಿಸಿ ಮುಗಿಸಿದ್ದಳು. ಆ ದಿನ ಮಾತ್ರ ಅಕ್ಕ ಹೂಂ ಅನ್ನುವ ಮೊದಲೇ ಹತ್ತಿ ಯಂತ್ರದ ಪಕ್ಕದಿಂದ, "ಅಲ್ಲಮ್ಮ, ನಾವಿಬ್ಬರೂ..." ಅಂತ ಬಾಯಿ ತೆರೆದಳು.

ಅಕ್ಕನ ಮುಖ ಸುಣ್ಣದಂತಾಯಿತು. "ಕೆಲಸದವಳು," ಅಂದುಬಿಟ್ಟಳು. "ಯಂತ್ರ ನೋಡಿಕೊಳ್ಳೋಕೆ ಇದ್ದಾಳೆ."

ಹತ್ತಿ ಯಂತ್ರ ನಿಲ್ಲಿಸಿದಳು. ಬಟ್ಟೆಗಂಟಿದ ಹತ್ತಿಯನ್ನು ನಿಧಾನವಾಗಿ ಕೊಡವಿದಳು. "ಕೆಲಸದವಳು ಮನೆಗೆ ಹೋಗೋ ಹೊತ್ತಾಯ್ತು, ಅಮ್ಮಾವ್ರೇ," ಎಂದು ಅಕ್ಕನಿಗೆ ಹೇಳಿ, ಬೀದಿ ದಾಟಿ ನಮ್ಮ ಮನೆಗೆ ಬಂದು ಕೂತಳು.

ಸಂಜೆಯವರೆಗೂ ಕೂತು ನನ್ನ ಅಕ್ಕಿಯಲ್ಲಿ ಕಲ್ಲು ಆರಿಸಿದಳು. ಕೊನೆಗೆ ನಾನೇ, "ಆ ಒಂದು ಪದಕ್ಕಾಗಿ ಇಷ್ಟೆಲ್ಲ ಬೇಕಿತ್ತಾ?" ಅಂದೆ.

"ಪದ ಹಾಳಾಗಿ ಹೋಗಲಿ. ನಾದಿನಿ ಅಂದಳು, ಸುಮ್ಮನಿದ್ದೆ. ತಂಗಿ ಅಂದಳು, ಸುಮ್ಮನಿದ್ದೆ. ಸುಳ್ಳಾದರೂ ಅವು ಮನೆಯೊಳಗಿನ ಪದಗಳು. ಇವತ್ತು ನನ್ನನ್ನ ಹೊಸಿಲಾಚೆ ನಿಲ್ಲಿಸಿದಳು." ಮೂಗು ಒರೆಸಿಕೊಂಡಳು. "ಆ ಹೆಂಗಸಿನ ಎದುರಿಗೇ ಆ ಮಾತು ವಾಪಸ್ ತಗೊಳ್ಳಲಿ, ಬರ್ತೀನಿ. ಇಲ್ಲದಿದ್ದರೆ ನಿನ್ನ ಹಿಂದಿನ ಕೋಣೆ ಇದ್ದೇ ಇದೆ."

ತಮಾಷೆಗೆ ಹೇಳಿದ್ದಲ್ಲ ಎಂದು ಅವಳ ದಿಂಬೂ ಬಂದಾಗ ಗೊತ್ತಾಯಿತು.

ಮದುವೆಯ ಹಾಸಿಗೆ ನಿಲ್ಲುವಂತಿರಲಿಲ್ಲ. ಹಾಸಿಗೆಗೆ ಟಾಕು ಹಾಕಲು ಇಬ್ಬರು ಬೇಕು: ಹಾಸಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಬ್ಬರು ಈ ಬದಿಯಿಂದ ದಬ್ಬಳ ಚುಚ್ಚಿದರೆ, ಇನ್ನೊಬ್ಬರು ಆ ಬದಿಯಿಂದ ಎಳೆದು ತಿರುಗಿ ಕಳಿಸಬೇಕು. ನಾನೇ ಹೋಗಿ ನಿಂತೆ. ನನ್ನ ಟಾಕು ಕುಡುಕನ ನಡಿಗೆಯಂತೆ ಸೊಟ್ಟಗೆ ಬರುತ್ತಿತ್ತು. ಅಕ್ಕ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ಪುಟ್ಟಿ," ಅಂದಳು ಹಾಸಿಗೆಯ ಆಚೆಯಿಂದ. ಹಲ್ಲೆಲ್ಲ ಬಿದ್ದರೂ ನಾನು ಅವಳಿಗೆ ಪುಟ್ಟಿಯೇ. "ಈ ಅಂಗಡಿಗೆ ಬರೋ ಮೊದಲು, ಹಳೇ ಬೀದೀಲಿ ನನ್ನನ್ನೂ ಹತ್ತೀನೂ ಏನಂತ ಕರೀತಿದ್ದರು, ನೆನಪಿದೆಯಾ?"

ನೆನಪಿತ್ತು. ಅದನ್ನು ಇಲ್ಲಿ ಬರೆಯಲಾರೆ.

"ಆ ಒಂದು ಮಾತಿಗೆ ಮನೆಯೊಡೆಯ ನಮ್ಮ ಪಾತ್ರೆಪಗಡ ಬೀದಿಗೆ ಹಾಕಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೀತಾರೆ. ಹೆಸರೇ ಇಲ್ಲದ್ದನ್ನ ಯಾರು ತಾನೆ ಬೈತಾರೆ ಅಂತ ಇದ್ದೆ."

"ಇದು ಆ ಪದ ಅಲ್ಲ ಅಕ್ಕ."

"ಯಾವುದಾದರೇನು, ಕಲ್ಲು ಕಲ್ಲೇ."

"ಮೊಮ್ಮಗಳು ಕಲ್ಲು ಹೊಡೆದಳಾ?"

ದಬ್ಬಳ ಜೋರಾಗಿ ಈಚೆ ಬಂತು. "ಇಲ್ಲ. ಹೊಗಳಿದಳು, ಕತ್ತೆ."

ಹಿಸುಕಿದರೆ ಹಣ್ಣಾಗುವ ಕಾಯಲ್ಲ ನನ್ನ ಅಕ್ಕ. ಅವಳು ಚುಚ್ಚಿದ್ದನ್ನು ಎಳೆದೆ, ತಿರುಗಿ ಕಳಿಸಿದೆ.

ಹಾಸಿಗೆ ಒಯ್ಯಲು ಮದುಮಗಳ ತಾಯಿ ಬಂದಾಗ ಅಕ್ಕ ಎಲ್ಲ ಕಟ್ಟಿಕೊಟ್ಟಳು. ಆಕೆ ಮೆಟ್ಟಿಲಿಳಿಯುವಷ್ಟರಲ್ಲಿ ಕರೆದಳು: "ನೋಡಮ್ಮ, ಒಂದು ನಿಮಿಷ. ಮೊನ್ನೆ ನಿಮಗೊಂದು ಸುಳ್ಳು ಹೇಳಿದೆ."

"ಹತ್ತಿ ಹಳೇದಾ?" ಆಕೆಗೆ ಗಾಬರಿ.

"ಹತ್ತಿ ಹೊಸದೇ. ಆ ಇನ್ನೊಬ್ಬಳು, ಯಂತ್ರದ ಹತ್ತಿರ ಇದ್ದಳಲ್ಲ, ಅವಳು ಕೆಲಸದವಳಲ್ಲ."

"ಮತ್ತೆ?"

ಅಕ್ಕ ನನ್ನ ಕಡೆ ನೋಡಿದಳು. ನಾನು ದಾರ ಸುತ್ತುತ್ತ ಕೂತೆ. ಅಕ್ಕನ ಕೈ ದಬ್ಬಳಕ್ಕಾಗಿ ತಡಕಾಡಿತು, ಸಿಗಲಿಲ್ಲ.

"ನನ್ನವಳು," ಅಂದಳು. ಆಕೆಗೆ ತಿಳಿಯಲಿಲ್ಲ. ಅಕ್ಕ ಉಸಿರೆಳೆದುಕೊಂಡು, ಬೀದಿಗೇ ಕೇಳುವಷ್ಟು ಜೋರಾಗಿ ಹೇಳಿದಳು: "ಲೆಸ್ಬಿಯನ್ ಅಂತಾರೆ. ನಾವಿಬ್ಬರೂ. ಗಂಡಹೆಂಡಿರು ಬಾಳಿದ ಹಾಗೇ ಬಾಳಿದ್ದೀವಿ, ಜಗಳ ಸ್ವಲ್ಪ ಜಾಸ್ತಿ."

ಆಕೆ ಅಕ್ಕನನ್ನು ನೋಡಿದಳು, ನನ್ನನ್ನು ನೋಡಿದಳು, ಹಾಸಿಗೆಯನ್ನು ಒತ್ತಿ ನೋಡಿದಳು. "ಇಷ್ಟು ವರ್ಷ ಒಟ್ಟಿಗೆ ಬಾಳಿದವರು ಹೊಲಿದ ಹಾಸಿಗೆ ತಾನೆ," ಅಂದಳು ಕೊನೆಗೆ, "ಇರಲಿ, ಒಳ್ಳೇದೇ," ಅಂತ ಗಾಡಿಗೆ ಹಾಕಿಸಿಕೊಂಡು ಹೊರಟಳು. ಆಮೇಲೆ ಮನೆಗೆ ಹೋಗಿ ಏನಂದಳೋ ಕಾಣೆ.

ಅಕ್ಕ ಅಂಗಡಿ ಬಾಗಿಲನ್ನೂ ಹಾಕದೆ ಬೀದಿ ದಾಟಿದಳು. ನಾನು ಹಿಂದೆ. ಹತ್ತಿ ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

"ಹೇಳಿ ಬಂದೆ," ಅಂದಳು ಅಕ್ಕ.

"ಏನಂತ?"

"ಅದೇ."

"ಅದೇ ಅಂದರೆ?"

"ಪುಟ್ಟೀನ ಕೇಳು."

"ಪುಟ್ಟಿ ಯಾಕೆ? ನಾನು ಬಾಳಿದ್ದು ಪುಟ್ಟಿ ಜೊತೆಗಾ?"

ಅಕ್ಕ ಹೇಳಿದಳು. ಈ ಸಲ ಮೆಲ್ಲಗೆ, ಹತ್ತಿಗೆ ಮಾತ್ರ ಕೇಳುವ ಹಾಗೆ. ನಾನು ಒಲೆಯ ಕಡೆ ತಿರುಗಿಕೊಂಡೆ.

"ನಡಿ ಈಗ," ಅಕ್ಕನ ದನಿ ಮೊದಲಿನಂತಾಯಿತು. "ಹಿಂಜೋ ಹತ್ತಿ ರಾಶಿ ಬಿದ್ದಿದೆ."

"ಕೆಲಸಕ್ಕೆ ಕರೀತಿದ್ದೀಯಾ?"

"ಮನೆಗೆ ಕರೀತಿದ್ದೀನಿ."

ಹತ್ತಿ ಲೋಟದಲ್ಲಿ ಉಳಿದ ಚಹಾವನ್ನು ಆರಾಮವಾಗಿ, ಗುಟುಕು ಗುಟುಕಾಗಿ ಕುಡಿದಳು. ಅಕ್ಕ ಬಾಗಿಲಲ್ಲೇ ಕಾದು ನಿಂತಳು.