ಬೀಗ ಹಾಕಿದ ನೆಗಡಿ

ಮೂರು ಬೆಕ್ಕುಗಳಲ್ಲಿ ಕರಿಯನಿಗೆ ನೆಗಡಿ ಹಿಡಿದದ್ದೇ ತಡ, ಟೈಲರಮ್ಮ ಅವನನ್ನು ಬಟ್ಟೆಯ ಕೋಣೆಗೆ ಸೇರಿಸಿ ಬೀಗ ಜಡಿದಳು. ಆದರೂ ಕೆಲವೇ ದಿನಕ್ಕೆ ಉಳಿದೆರಡೂ ಸೀನತೊಡಗಿದವು. ತಪ್ಪನ್ನು ಗಂಡನ ತಲೆಗೆ ಕಟ್ಟಿದಳು.

"ನೀವೇ ಬಾಗಿಲು ತೆಗೆದಿರ್ತೀರ!"

"ಬೀಗದ ಕೈ ನಿನ್ನ ಸೊಂಟದಲ್ಲೇ ಇದ್ಯಲ್ಲೇ," ಎಂದ ಆತ, ಪೇಪರಿನಿಂದ ತಲೆಯೆತ್ತದೆ.

ಪ್ರಾಣಿವೈದ್ಯರು ಬಂದರು. "ಇದು ಮೂಗು, ಬಾಯಿಯ ನೀರಿಂದ ಹರಡುತ್ತೆ. ರೋಗದ ಬೆಕ್ಕನ್ನ ಬೇರೆ ಇಟ್ಟಿದ್ದೀರಾ?"

"ಇರುವೆಗೂ ದಾರಿಯಿಲ್ಲ ಡಾಕ್ಟ್ರೇ!" ಎನ್ನುತ್ತಲೇ ಆಕೆ ಬೀಗ ತೆಗೆದು ಒಳಹೋದಳು. ಮೂಗು ಕಟ್ಟಿದ ಕರಿಯ ಅರ್ಧಕ್ಕೇ ಬಿಟ್ಟಿದ್ದ ಹಾಲನ್ನು ಬಟ್ಟಲ ಸಮೇತ ಹೊರತಂದು, ಸುಮ್ಮನೆ ಚೆಲ್ಲುವುದೇಕೆಂದು ಉಳಿದೆರಡರ ತಟ್ಟೆಗೆ ಸುರಿದಳು.

ಗಂಡ ಪೇಪರನ್ನು ಮುಖದ ಮೇಲಕ್ಕೆ ಎತ್ತಿಕೊಂಡ.

"ಬೀಗವೇನೋ ಗಟ್ಟಿಯಾಗೇ ಇದೆ," ಎಂದರು ವೈದ್ಯರು. "ಬಟ್ಟಲಿಗೂ ಒಂದು ಹಾಕಮ್ಮಾ."